ಇಲ್ಲದ ಲೇಖನಕ್ಕೆ ಹನ್ನೊಂದು ಉಲ್ಲೇಖ

ಆ ಸಮಾಜಶಾಸ್ತ್ರದ ತ್ರೈಮಾಸಿಕವನ್ನು ಎಷ್ಟು ಜನ ಓದುತ್ತಾರೆ ಎಂದು ಯಾರಾದರೂ ಕೇಳಿದರೆ ಮೇಷ್ಟ್ರು ನಗುತ್ತಿದ್ದರು. "ಬರೆದವನು ಓದ್ತಾನೆ, ತಿದ್ದಿದವಳು ಓದ್ತಾಳೆ. ಮಿಕ್ಕವರು ಹೆಸರು ಕೇಳಿದ್ದಾರೆ, ಅಷ್ಟು ಸಾಕಲ್ಲ?" ಎನ್ನುತ್ತಿದ್ದರು. ಮೇಷ್ಟ್ರೆಂದರೆ ಅದರ ಸಂಪಾದಕರು. ಪಾಠ ಹೇಳುವ ಕೆಲಸದಿಂದ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು, ಸಂಶೋಧನಾ ಸಂಸ್ಥೆಯ ಮೂರನೆಯ ಮಹಡಿಯ ಮೂಲೆ ಕೋಣೆಯಲ್ಲಿ ಸಂಬಳವಿಲ್ಲದ ಕುರ್ಚಿಯೊಂದನ್ನು ಭದ್ರವಾಗಿ ಹಿಡಿದು ಕೂತವರು. ತಿದ್ದುವವಳು ಒಂದು ಕಾಲದ ಅವರ ಶಿಷ್ಯೆ, ಈಗ ಪತ್ರಿಕೆಯ ಸಹಸಂಪಾದಕಿ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಆ ಕೋಣೆಗೆ ಅವರಿಬ್ಬರೇ ರಾಜ, ಮಂತ್ರಿ, ಪ್ರಜೆ ಎಲ್ಲ.

ಅವಳಿಗೆ ಸಂಸ್ಥೆಯವರು ಇಟ್ಟಿದ್ದ ಅಡ್ಡಹೆಸರು ಅಡಿಟಿಪ್ಪಣಿ. ಪ್ರತಿ ಪುಟದಲ್ಲೂ ಇರುತ್ತಾಳೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅದರ ಚಮತ್ಕಾರ. ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದ ಮಾತು ಒಂದು ದಿನ ಅವಳ ಕಿವಿಗೇ ಬಿತ್ತು. ಕೇಳಿದ ತಕ್ಷಣ ಅವಳೂ ನಕ್ಕಳು. ಮನೆಗೆ ಹೋಗಿ ಚಪ್ಪಲಿ ಬಿಡುವ ಹೊತ್ತಿಗೆ ನಗು ಇಳಿದಿತ್ತು. ಅವ್ವ ತೀರಿಕೊಂಡ ಮೇಲೆ ಅವಳು ಒಬ್ಬಳೇ ಇದ್ದಳು. ಮದುವೆ ಆಗಲಿಲ್ಲ, ಆಗಬಾರದೆಂದೇನೂ ಇರಲಿಲ್ಲ. ಅವ್ವನ ಔಷಧಿ, ಪತ್ರಿಕೆಯ ಕರಡು, ಅವ್ವನ ಔಷಧಿ ಎನ್ನುವುದರೊಳಗೆ ವಯಸ್ಸು ಐವತ್ತು ದಾಟಿ ಹೋಗಿತ್ತು.

ಹಾಗೆಂದು ಆ ಕೋಣೆಯಲ್ಲಿ ಮಾತುಕತೆಯ ಹೊಳೆ ಹರಿಯುತ್ತಿತ್ತೆಂದು ತಿಳಿಯಬೇಡಿ. ಬೆಳಕು ಕಣ್ಣಿಗೆ ಹೊಡೆಯಬಾರದೆಂದು ಮೇಷ್ಟ್ರ ಮೇಜು ಒಂದು ಗೋಡೆಗೆ, ಅವಳ ಮೇಜು ಎದುರಿನ ಗೋಡೆಗೆ ಇತ್ತು. ಮಧ್ಯಾಹ್ನವಾದರೆ ಇಬ್ಬರೂ ತಂತಮ್ಮ ಡಬ್ಬಿ ತೆರೆದು, ತಂತಮ್ಮ ಗೋಡೆ ನೋಡುತ್ತ ಉಣ್ಣುತ್ತಿದ್ದರು. ಆದರೂ ಬೆನ್ನ ಹಿಂದೆ ಇನ್ನೊಬ್ಬರು ಅಗಿಯುವ ಸದ್ದು ಕೇಳಿಸುತ್ತಿತ್ತು. ಅವಳಿಗೆ ದಿನದಲ್ಲಿ ಸಿಗುತ್ತಿದ್ದ ಸಂಗಾತ ಅದೊಂದೇ. ಅದನ್ನು ಅವಳು ಯಾರ ಮುಂದೂ ಹೇಳಿಕೊಂಡವಳಲ್ಲ.

ಆ ವರ್ಷ ಸಂಸ್ಥೆಗೆ ಹೊಸ ನಿರ್ದೇಶಕರು ಬಂದರು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಬಂದವರೇ ಸಂಸ್ಥೆಯ ಎಲ್ಲ ಪತ್ರಿಕೆಗಳಿಗೂ ಪ್ರಭಾವಾಂಕ ಬೇಕು ಎಂದರು. ಲೆಕ್ಕ ಕಷ್ಟದ್ದಲ್ಲ. ಹಿಂದಿನ ಎರಡು ವರ್ಷದಲ್ಲಿ ಪತ್ರಿಕೆಯಲ್ಲಿ ಬಂದ ಲೇಖನಗಳನ್ನು ಈ ವರ್ಷ ಬೇರೆ ಪತ್ರಿಕೆಗಳಲ್ಲಿ ಬರೆದವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸಬೇಕು. ಅದನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಬೇಕು. ಅರ್ಧಕ್ಕಿಂತ ಕಡಿಮೆ ಬಂದ ಪತ್ರಿಕೆಗೆ ಬೀಗ.

"ಬೀಗ ಹಾಕಿದ್ರೆ ನಮ್ಮ ಗತಿ?" ಎಂದು ಅವಳು ಕೇಳಿದಳು.

"ನಿಮಗೇನಮ್ಮಾ, ಪರೀಕ್ಷಾ ವಿಭಾಗದಲ್ಲಿ ಜಾಗ ಖಾಲಿ ಇದೆ," ಎಂದರು ನಿರ್ದೇಶಕರು. "ಮೇಷ್ಟ್ರಿಗೂ ವಯಸ್ಸಾಯ್ತು. ಮನೇಲಿ ಆರಾಮಾಗಿ ಇರ್ಲಿ ಬಿಡಿ."

ಮನೆಯಲ್ಲಿ ಆರಾಮಾಗಿ! ಆ ಮನೆಯನ್ನು ನಿರ್ದೇಶಕರು ನೋಡಿರಲಿಲ್ಲ. ಅವಳೂ ಹೆಚ್ಚು ನೋಡಿದವಳಲ್ಲ. ಮೇಷ್ಟ್ರ ಹೆಂಡತಿ ಹೋದ ದಿನ ಒಮ್ಮೆ ಹೋಗಿದ್ದಳು, ಅಷ್ಟೇ. ಆದರೂ ಖಾಲಿ ಮನೆಯ ಆರಾಮ ಎಂಥದೆಂದು ಅವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಎರಡು ವರ್ಷದಲ್ಲಿ ಬಂದದ್ದು ನಲವತ್ತು ಲೇಖನ. ಅಂದರೆ ಇಪ್ಪತ್ತು ಉಲ್ಲೇಖವಾದರೂ ಸಿಗಬೇಕು. ಉಲ್ಲೇಖಗಳನ್ನು ಕಲೆಹಾಕಿ ಮಾರುವ ಕಂಪನಿಯೊಂದರಿಂದ ಸಂಸ್ಥೆ ಮಾಹಿತಿ ತರಿಸಿತ್ತು. ಅದನ್ನು ಪರಿಶೀಲಿಸಿ, ಕೆಳಗೆ ಸಹಿ ಹಾಕಿ ಕೊಡುವುದು ಸಹಸಂಪಾದಕಿಯ ಕೆಲಸ. ಅವಳು ಮೊದಲು ಕೊನೆಯ ಸಾಲು ನೋಡಿದಳು. ಇಪ್ಪತ್ತಮೂರು!

"ಮೇಷ್ಟ್ರೇ, ಗೆದ್ವಿ!" ಎಂದು ಕೂಗಿಯೇಬಿಟ್ಟಳು. ಆ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿ ವರ್ಷಗಳಾಗಿದ್ದವು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಇನ್ನೊಂದಷ್ಟು ದಿನ ಈ ಕುರ್ಚಿ ನನ್ನನ್ನ ಸಹಿಸ್ಕೋಬೇಕು ಅನ್ನು," ಎಂದರು.

ಅಷ್ಟಕ್ಕೇ ಸಹಿ ಹಾಕಿ ಕೊಟ್ಟುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಡಿಟಿಪ್ಪಣಿ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ಪರಿಶೀಲಿಸಿ ಎಂದು ಬರೆದಿದ್ದಾರೆ, ಅಂದ ಮೇಲೆ ಪರಿಶೀಲಿಸಬೇಕು. ಯಾವ ಲೇಖನಕ್ಕೆ ಎಷ್ಟು ಎಂದು ಬಿಡಿಸಿ ನೋಡಿದಳು. ಹೆಚ್ಚಿನವುಗಳಿಗೆ ಸೊನ್ನೆ. ಕೆಲವಕ್ಕೆ ಒಂದು, ಎರಡು. ಎಲ್ಲಕ್ಕಿಂತ ಮೇಲೆ, ಹನ್ನೊಂದು ಉಲ್ಲೇಖ ಹೊತ್ತು ಕೂತ ಒಂದು ಲೇಖನ: "ಒಂಟಿ ಮನೆಗಳಲ್ಲಿ ಊಟದ ಹೊತ್ತು: ಒಂದು ಅಧ್ಯಯನ."

ಪಟ್ಟಿಯಲ್ಲಿ ಲೇಖಕರ ಹೆಸರಿರಲಿಲ್ಲ; ಇದು ಯಾವ ಸಂಚಿಕೆಯದಪ್ಪ ಎಂದು ಅವಳು ಹುಬ್ಬು ಗಂಟಿಕ್ಕಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಅಲ್ಪವಿರಾಮವನ್ನೂ ಕಾದವಳಿಗೆ ಇಂಥ ಲೇಖನ ಬಂದದ್ದು ನೆನಪಿಲ್ಲವೆಂದರೇನು? ಕಪಾಟಿನಿಂದ ಸಂಚಿಕೆ ತೆಗೆದು ಪಟ್ಟಿಯಲ್ಲಿ ಕೊಟ್ಟಿದ್ದ ಪುಟಕ್ಕೆ ಹೋದಳು. ಅಲ್ಲಿ ಯಾರೋ ಬಸ್ ನಿಲ್ದಾಣಗಳ ಬಗ್ಗೆ ಬರೆದದ್ದರ ಮಧ್ಯಭಾಗ ಇತ್ತು. ಸಂಚಿಕೆಯನ್ನು ಮುಚ್ಚುವಾಗ ಹಿಂಬದಿಯ ಒಳಪುಟ ಕಣ್ಣಿಗೆ ಬಿತ್ತು. ಆ ಶೀರ್ಷಿಕೆ ಅಲ್ಲಿತ್ತು.

ಅದು "ಲೇಖಕರಿಗೆ ಸೂಚನೆಗಳು" ಎಂಬ ಪುಟ. ಆಕರಗಳ ಪಟ್ಟಿಯನ್ನು ಹೇಗೆ ಬರೆಯಬೇಕು ಎಂದು ತೋರಿಸಲು ಅಲ್ಲೊಂದು ಮಾದರಿ ಇರುತ್ತದೆ: ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆ, ಪುಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಮಾದರಿಯನ್ನು ಕಟ್ಟಿದವಳು ಅವಳೇ. ಅಂಥ ಲೇಖನ ಇಲ್ಲ, ಎಂದೂ ಇರಲಿಲ್ಲ. ಡಬ್ಬಿ ಮುಂದಿಟ್ಟುಕೊಂಡು ಕೂತಾಗ ಹೊಳೆದ ಒಂದು ಶೀರ್ಷಿಕೆ, ಬಾಯಿಗೆ ಬಂದ ಪುಟಸಂಖ್ಯೆ. ಲೇಖಕರ ಹೆಸರಿಗೆ ಯಾರದೋ ಹೆಸರು ಹಾಕಿದರೆ ಆ ಹೆಸರಿನವರು ಜಗಳಕ್ಕೆ ಬಂದಾರೆಂದು ತನ್ನ ಹೆಸರನ್ನೇ ಹಾಕಿದ್ದಳು. ಅದು ನೆಪ. ತನ್ನ ಹೆಸರನ್ನು ಲೇಖಕಿಯ ಜಾಗದಲ್ಲಿ ಒಮ್ಮೆ ಅಚ್ಚಿನಲ್ಲಿ ನೋಡಬೇಕೆಂಬ ಆಸೆ ಇತ್ತು, ಅಷ್ಟೇ ಸತ್ಯ. ಅವ್ವ ಹಾಸಿಗೆ ಹಿಡಿದ ಮೇಲೆ ಅವಳು ಪಿಎಚ್.ಡಿ. ಪ್ರಬಂಧವನ್ನು ಅರ್ಧಕ್ಕೇ ಬಿಟ್ಟಿದ್ದಳು; ಅವಳ ಹೆಸರಿನಲ್ಲಿ ಬೇರೆ ಏನೂ ಅಚ್ಚಾಗಲಿಲ್ಲ.

ಇನ್ನೊಂದು ಅಚ್ಚುಕಟ್ಟು ಅವಳದು: ಪುಟ ಹಳಸಲಾಗಿ ಕಾಣಬಾರದೆಂದು ಪ್ರತಿ ವರ್ಷದ ಮೊದಲ ಸಂಚಿಕೆಯಲ್ಲಿ, ಉಳಿದದ್ದನ್ನು ಓದದೆ, ಕೈಯ ರೂಢಿಯಿಂದ ಮಾದರಿಯ ಇಸವಿಯನ್ನಷ್ಟೇ ಬದಲಿಸುತ್ತಿದ್ದಳು. ಹೀಗಾಗಿ ಆ ಇಲ್ಲದ ಲೇಖನಕ್ಕೆ ಮುಪ್ಪೇ ಇರಲಿಲ್ಲ. ಎರಡು ವರ್ಷದ ಲೆಕ್ಕದೊಳಗೆ ಯಾವಾಗಲೂ ಬೀಳುತ್ತಿತ್ತು. ಮಾದರಿಯನ್ನು ನಕಲು ಮಾಡಿಕೊಂಡು ಅದರ ಮೇಲೇ ತಮ್ಮ ಪಟ್ಟಿ ಬರೆಯುತ್ತಿದ್ದವರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಆ ಸಾಲನ್ನು ಅಳಿಸಲು ಮರೆತ. ಅವನ ಪಟ್ಟಿಯಿಂದ ಇನ್ನೊಬ್ಬರು ಎತ್ತಿದರು, ಅವರಿಂದ ಮತ್ತೊಬ್ಬರು ಇಸವಿಯನ್ನು ಹೊಸದು ಮಾಡಿಕೊಂಡು ಎತ್ತಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇಲ್ಲಿ ಹನ್ನೊಂದು ಜನ ವಿದ್ವಾಂಸರು ಕರುವಿಗೆ ಹುಲ್ಲನ್ನೂ ಹಾಕಿದ್ದರು.

ಹನ್ನೊಂದು ತೆಗೆದರೆ ಉಳಿಯುವುದು ಹನ್ನೆರಡು. ಬೀಗ.

ಅವಳು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆಂದುಕೊಂಡಿದ್ದಳು. ಅವರು ಗೋಡೆಯ ಕಡೆಗಿದ್ದ ಮುಖವನ್ನು ತಿರುಗಿಸಲಿಲ್ಲ.

"ಎಣಿಸಿದವರು ಅವರು, ನಾವಲ್ಲ," ಎಂದರು. "ಇದ್ದದ್ದನ್ನ ಇದ್ದ ಹಾಗೇ ಕೊಟ್ಟುಬಿಡು."

"ಅದು ಇದ್ದದ್ದಲ್ವಲ್ಲ ಮೇಷ್ಟ್ರೇ."

"ಸರಿ, ನಿನ್ನಿಷ್ಟ. ಸೋಮವಾರ ತನಕ ಯೋಚನೆ ಮಾಡು."

ಆ ಭಾನುವಾರ ಅಕ್ಕನ ಫೋನು ಬಂತು. ಅಕ್ಕ ಮೊಮ್ಮಗನ ಹಲ್ಲು, ಸೊಸೆಯ ಮೂಗಿನ ತುದಿಯ ಕೋಪ, ಅಳಿಯನ ಹೊಸ ಮನೆಯ ಬಣ್ಣ ಎಲ್ಲ ಹೇಳಿ ಮುಗಿಸಿದಳು. "ನಿಂದೇನೇ ಸಮಾಚಾರ?" ಎಂದು ಕೇಳುವ ಹೊತ್ತಿಗೆ ಹಿಂದಿನಿಂದ ಯಾರೋ ಅಕ್ಕನನ್ನು ಕರೆಯುತ್ತಿದ್ದರು.

"ಅಕ್ಕಾ, ಆಫೀಸಲ್ಲಿ ಒಂದು ವಿಷಯ ಆಗಿದೆ. ನಾನು ಒಂದು ಲೇಖನ..."

"ಅಯ್ಯೋ, ನಿಂಗೇನೇ, ಕೈ ಬೀಸ್ಕೊಂಡು ಓಡಾಡೋಳು. ಬೇಕಾದಾಗ ತಿಂದೆ, ಬೇಕಾದಾಗ ಮಲಗಿದೆ. ನನ್ನ ಹಾಗೆ ಹತ್ತು ಜನಕ್ಕೆ ಬೇಯಿಸಿ ಹಾಕಬೇಕಾ? ಇರು, ಮಗು ಎದ್ದ. ಆಮೇಲೆ ಮಾಡ್ತೀನಿ."

ಆಮೇಲೆ ಎಂದರೆ ಮುಂದಿನ ಭಾನುವಾರ ಎಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಕೆಟ್ಟವಳಲ್ಲ. ತುಂಬಿದ ಮನೆಯವರಿಗೆ ಖಾಲಿ ಮನೆ ಒಂದು ಸೌಕರ್ಯದ ಹಾಗೆ ಕಾಣುತ್ತದೆ, ಅದು ಅವರ ತಪ್ಪಲ್ಲ. ಅವಳು ಫೋನಿಟ್ಟು, ಮಾತಾಡಲು ಬೇರೆ ಯಾರೂ ಇಲ್ಲದ್ದರಿಂದ, ಆ ಹನ್ನೊಂದು ಲೇಖನಗಳನ್ನು ಓದಲು ಕೂತಳು. ಇಲ್ಲದ ಅಧ್ಯಯನದಲ್ಲಿ ಇವರೆಲ್ಲ ಏನು ಕಂಡರೋ ನೋಡೋಣ ಎಂಬ ಕುತೂಹಲ.

ಮೊದಮೊದಲು ನಗು ಬಂತು. ಒಬ್ಬರು ಒಂಟಿ ಮನೆಗಳಲ್ಲಿ ಅಡುಗೆ ಅನಿಲದ ಉಳಿತಾಯವಾಗುತ್ತದೆ ಎಂದು ಅವಳು ಸಾಧಿಸಿದ್ದಾಳೆ ಎಂದಿದ್ದರು. ಇನ್ನೊಬ್ಬರು ಅವಳ ವಿಧಾನದಲ್ಲಿ ಕೊರತೆಗಳಿವೆ ಎಂದು ಮೂಗು ಮುರಿದಿದ್ದರು. ಇಬ್ಬರು ಒಬ್ಬರನ್ನೊಬ್ಬರು ಅಲ್ಲಗಳೆದು ಇಬ್ಬರೂ ಅವಳನ್ನೇ ಸಾಕ್ಷಿಗೆ ಕರೆದಿದ್ದರು. ತಾನು ಇಷ್ಟೆಲ್ಲ ಹೇಳಿದೆನೇ ಎಂದು ಅವಳಿಗೆ ಬೆರಗಾಯಿತು. ಒಂಬತ್ತನೆಯದನ್ನು ತೆರೆದಾಗ ಬರೆದವರ ಹೆಸರು ನೋಡಿ ಕೈ ನಿಂತಿತು. ಮೇಷ್ಟ್ರದು. ದೂರದ ಬೇರೊಂದು ಪತ್ರಿಕೆಯಲ್ಲಿ, ವೃದ್ಧಾಪ್ಯದ ಬಗ್ಗೆ ಅವರು ಬರೆದದ್ದು. ಅವಳ ಕೈಗೆ ತಿದ್ದಲು ಕೊಟ್ಟಿರಲಿಲ್ಲ.

ಅದರಲ್ಲಿ ಅವಳ ಹೆಸರು ಹೇಳಿ ಹೀಗೆ ಬರೆದಿದ್ದರು: "ಒಂಟಿಯಾಗಿ ಉಳಿದವರು ಕ್ರಮೇಣ ತಟ್ಟೆ ಇಟ್ಟುಕೊಳ್ಳುವುದನ್ನು ಬಿಡುತ್ತಾರೆ, ಒಲೆಯ ಮುಂದೆ ನಿಂತು ಪಾತ್ರೆಯಿಂದಲೇ ಉಣ್ಣುತ್ತಾರೆ. ಉಪ್ಪು ಕಡಿಮೆಯಾಗಿದ್ದರೂ ಹಾಕಿಕೊಳ್ಳುವುದಿಲ್ಲ, ಏಕೆಂದರೆ ಉಪ್ಪು ಕಡಿಮೆಯಾಗಿದೆ ಎಂದು ಹೇಳಲು ಎದುರಿಗೆ ಯಾರೂ ಇರುವುದಿಲ್ಲ."

ಅವಳು ಅದನ್ನು ಓದಿ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಮಧ್ಯಾಹ್ನದ ಪಾತ್ರೆ ಇತ್ತು, ಅದರೊಳಗೆ ಚಮಚ ಇತ್ತು. ತೊಳೆಯಲು ಒಂದೂ ತಟ್ಟೆ ಇರಲಿಲ್ಲ. ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಅವಳು.

ಸೋಮವಾರ ಆ ಲೇಖನದ ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟಳು.

"ನಿಮಗೆ ಬರೆಯುವಾಗ್ಲೇ ಗೊತ್ತಿತ್ತಾ, ನನ್ನದು ಇಲ್ಲದ ಲೇಖನ ಅಂತ?"

"ಗೊತ್ತಿತ್ತು," ಎಂದರು ಮೇಷ್ಟ್ರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಮುಖವಾಗಿತ್ತು ಅವರದು. "ಆ ಸಾಲಿಗೆ ಆ ಪತ್ರಿಕೆಯ ಪರಿಶೀಲಕರು ಪಕ್ಕದಲ್ಲಿ ಬರೆದು ಕಳಿಸಿದ್ರು, ಆಧಾರವೇನು ಅಂತ. ಏನು ಹೇಳಲಿ? ನಮ್ಮ ಕಸುಬಲ್ಲಿ ನಾನು ಕಂಡಿದ್ದೀನಿ ಅಂದ್ರೆ ನಡಿಯತ್ತಾ? ನೂರು ಮನೆ ಸುತ್ತಿ ಕೋಷ್ಟಕ ಹಾಕಿದವರು ಯಾರಾದ್ರೂ ಬೇಕು. ಸಾಲು ಹೊಡೆದು ಹಾಕೋಣ ಅಂದ್ಕೊಂಡೆ, ಮನಸ್ಸು ಬರ್ಲಿಲ್ಲ. ಮೇಜಿನ ಮೇಲೆ ನಮ್ಮ ಪತ್ರಿಕೆ ಬಿದ್ದಿತ್ತು, ಹಿಂದಿನ ಪುಟ ತೆರೆದಿತ್ತು. ಶೀರ್ಷಿಕೆ ನೋಡಿದೆ. ನನಗೇ ಅಂತ ಇಟ್ಟ ಹಾಗಿತ್ತು."

"ವಿದ್ಯಾರ್ಥಿಗಳು ಹೀಗೆ ಮಾಡಿದ್ರೆ ಫೇಲ್ ಮಾಡ್ತಿದ್ರಿ."

"ಮಾಡ್ತಿದ್ದೆ."

ಅವರು ಆ ಹಾಳೆಯನ್ನು ಮಗುಚಿ ಇಟ್ಟರು. "ಆ ಶೀರ್ಷಿಕೆ ನಿನಗೆ ಯಾಕೆ ಹೊಳೀತು?" ಎಂದು ಕೇಳಿದರು ಮೇಷ್ಟ್ರು.

"ಸುಮ್ಮನೆ," ಎಂದಳು ಅವಳು.

ಲೆಕ್ಕದ ಹಾಳೆ ಅವರಿಬ್ಬರ ನಡುವೆ ಇತ್ತು. ಅವಳಿಗೆ ಆಸೆ ಇರಲಿಲ್ಲವೆಂದಲ್ಲ. ಒಂದು ಸಹಿ ಹಾಕಿದರೆ ಈ ಕೋಣೆ ಉಳಿಯುತ್ತದೆ, ಮಧ್ಯಾಹ್ನ ಬೆನ್ನ ಹಿಂದೆ ಡಬ್ಬಿಯ ಮುಚ್ಚಳದ ಸದ್ದು ಉಳಿಯುತ್ತದೆ. ಹನ್ನೊಂದರ ಗುಟ್ಟು ಕೆದಕಲು ಯಾರಿಗೂ ಪುರುಸೊತ್ತಿಲ್ಲ. ಓದುವವರಿದ್ದರೆ ತಾನೆ ಸಿಕ್ಕಿಬೀಳುವ ಭಯ? ಆದರೆ ಮೇಷ್ಟ್ರ ಆ ಸಾಲು ಅವಳನ್ನು ಬಿಡಲಿಲ್ಲ. ಅದರಷ್ಟು ನಿಜವಾದ ಸಾಲನ್ನು ಅವಳು ಈ ಪತ್ರಿಕೆಯಲ್ಲಿ ಇಷ್ಟು ವರ್ಷ ತಿದ್ದಿದ್ದರಲ್ಲಿ ಕಂಡಿರಲಿಲ್ಲ. ಅದನ್ನು ಖೋಟಾ ನಾಣ್ಯದ ಹಾಗೆ ಎಣಿಸಿ ಕೊಡುವುದಕ್ಕೆ ಕೈ ಏಳಲಿಲ್ಲ.

"ಹನ್ನೆರಡು ಅಂತಲೇ ಬರೀತೀನಿ ಮೇಷ್ಟ್ರೇ," ಎಂದಳು. "ನಿಮ್ಮದನ್ನೂ ಹೊಡೀತೀನಿ."

ಬೇಡ ಎನ್ನಲಿ ಎಂದು ಒಳಗೊಳಗೇ ಕಾದಳು. ಮೇಷ್ಟ್ರು ಬೇಡ ಎನ್ನಲಿಲ್ಲ. ಎದ್ದು ನಿಂತು ತಮ್ಮ ಪೆನ್ನನ್ನು ಅವಳ ಕೈಗೆ ಕೊಟ್ಟರು.

ನಿರ್ದೇಶಕರು ಹನ್ನೆರಡು ಎಂಬುದನ್ನು ನೋಡಿ ತಲೆಯಾಡಿಸಿದರು. ಕಂಪನಿಯ ಹಾಳೆಯಲ್ಲಿ ಇಪ್ಪತ್ತಮೂರು ಇತ್ತಲ್ಲ ಎಂದು ಕೇಳಲೂ ಇಲ್ಲ. ಇನ್ನೊಂದು ಸಂಚಿಕೆ ತಂದು ಮುಗಿಸಿ ಎಂದರು. ಅಡಿಟಿಪ್ಪಣಿ ಪುಟವನ್ನೇ ಮುಳುಗಿಸಿತು ಎಂದು ಕೆಳಗಿನ ಮಹಡಿಯಲ್ಲಿ ಯಾರೋ ತಮಾಷೆ ಮಾಡಿದರಂತೆ.

ಕೊನೆಯ ಸಂಚಿಕೆಗೆ ಲೇಖಕರಿಗೆ ಸೂಚನೆಗಳು ಬೇಕಿರಲಿಲ್ಲ. ಇನ್ನು ಬರೆದು ಕಳಿಸುವವರು ಯಾರು? ಆ ಜಾಗಕ್ಕೆ ಅವಳು ಒಂದು ತಿದ್ದುಪಡಿ ಬರೆದಳು. ಪತ್ರಿಕೆ ಹೋಗುವಾಗ ಹಿಂದೆ ಸುಳ್ಳು ಬಿಟ್ಟು ಹೋಗಬಾರದೆಂಬುದು ಅವಳ ಹಟ. "ಒಂಟಿ ಮನೆಗಳಲ್ಲಿ ಊಟದ ಹೊತ್ತು ಎಂಬ ಲೇಖನ ಈ ಪತ್ರಿಕೆಯಲ್ಲಿ ಪ್ರಕಟವಾಗಿಲ್ಲ. ಅದು ಉಲ್ಲೇಖದ ಕ್ರಮವನ್ನು ತೋರಿಸಲು ಕೊಟ್ಟ ಮಾದರಿ ಮಾತ್ರ. ಅಂಥ ಅಧ್ಯಯನ ನಡೆದಿಲ್ಲ. ಆ ಹೆಸರಿನ ಲೇಖಕಿ ಇಲ್ಲ. ಓದುಗರು ಕ್ಷಮಿಸಬೇಕು." ಬರೆಯುವಾಗ ಅವಳಿಗೆ ಏನೂ ಅನಿಸಲಿಲ್ಲ. ಬೆರಳು ತಾನಾಗಿ ಬರೆದುಕೊಂಡು ಹೋಯಿತು.

ಮೇಷ್ಟ್ರು ಕರಡನ್ನು ಓದಿದರು. ಸಂಪಾದಕರಾಗಿ ಅವರು ತಿದ್ದುವ ಕೊನೆಯ ಹಾಳೆ ಅದು. ಕೆಂಪು ಪೆನ್ನು ತೆಗೆದು ಒಂದೇ ಒಂದು ವಾಕ್ಯದ ಮೇಲೆ ಗೆರೆ ಎಳೆದರು.

"ಯಾಕೆ ಮೇಷ್ಟ್ರೇ?"

"ತಪ್ಪಿದೆ. ಲೇಖನ ಇಲ್ಲ, ಒಪ್ಪಿದೆ. ಅಧ್ಯಯನ ನಡೆದಿಲ್ಲ, ಅದೂ ಒಪ್ಪಿದೆ. ಲೇಖಕಿ ಇಲ್ಲ ಅಂದ್ರೆ ಹೇಗೆ?"

ಅವಳು ಹಾಳೆಯನ್ನು ನೋಡಿದಳು. ತಾನು ಏನು ಬರೆದಿದ್ದೆ ಎಂಬುದು ಆಗ ಅರಿವಾಯಿತು. ತಮಾಷೆಯಲ್ಲಿ ತೇಲಿಸಿಬಿಡೋಣ ಎಂದು ಹೊರಟಳು, ದನಿ ಮಾತ್ರ ಮಾತು ಕೇಳಲಿಲ್ಲ.

"ಇದ್ದಾಳೆ ಅನ್ನೋದಕ್ಕೆ... ಆಧಾರವೇನು ಅಂತ ಯಾರಾದ್ರೂ ಕೇಳಿದ್ರೆ?"

ಮೇಷ್ಟ್ರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು.

"ನಾನು ಕಂಡಿದ್ದೀನಿ ಅಂತ ಹೇಳು," ಎಂದರು.

ಅವಳು ಮೇಷ್ಟ್ರು ಎಳೆದ ಗೆರೆಯ ಪಕ್ಕದಲ್ಲಿ ಒಪ್ಪಿಗೆಯ ಗುರುತು ಹಾಕಿ, ಕರಡನ್ನು ಪ್ರೆಸ್ಸಿಗೆ ಕಳಿಸಲು ಲಕೋಟೆಗೆ ಹಾಕಿದಳು.